ಸರ್ವೆ ನಂಬರಿಗೆ ಹತ್ತು ನಿಮಿಷದಲ್ಲಿ ಉತ್ತರ: ಸಣ್ಣ ಊರಿನ ಯೋಜನಾ ಪ್ರಾಧಿಕಾರವನ್ನು ಸರಿದಾರಿಗೆ ತರುವ ಬಗೆ

ತಾಲ್ಲೂಕು ಕೇಂದ್ರದ ಯೋಜನಾ ಪ್ರಾಧಿಕಾರಕ್ಕೆ ಹೊಸದಾಗಿ ಸದಸ್ಯ ಕಾರ್ಯದರ್ಶಿಯಾಗಿ ಹೋಗುವ ಕಿರಿಯ ನಗರ ಯೋಜಕರಿಗಾಗಿ, ಅಂಥ ಪ್ರಾಧಿಕಾರಕ್ಕೆ ಸದಸ್ಯರಾಗಿ ನೇಮಕಗೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯಲ್ಲಿ ನನ್ನ ಸರ್ವೀಸು ಬಹುಪಾಲು ಬಯಲುಸೀಮೆಯ ಊರುಗಳಲ್ಲೇ ಕಳೆಯಿತು, ಈಗ ನಿವೃತ್ತಳು. ಬೆಂಗಳೂರಿನ ಸಮಸ್ಯೆ ಬೇರೆ, ಅಲ್ಲಿಗೆ ಬೇರೆಯೇ ಶಕ್ತಿ ಬೇಕು. ನಾನು ಹೇಳುವುದು ಎರಡು ಕೋಣೆ, ಒಬ್ಬ ವಿಷಯ ನಿರ್ವಾಹಕ, ಒಂದು ಹಳೇ ಪ್ಲಾಟರ್ ಇರುವ ಕಚೇರಿಯ ಮಾತು.

ಮೇಲಿನವರು ನಿಮ್ಮನ್ನು ಮೊದಲು ಕೇಳುವುದು ಬಾಕಿ ಕಡತ ಎಷ್ಟು ಎಂದು. ಅದು ಕೇಳಬೇಕಾದದ್ದೇ. ಆದರೆ ಪ್ರಾಧಿಕಾರ ಚೆನ್ನಾಗಿ ನಡೆಯುತ್ತಿದೆಯೋ ಇಲ್ಲವೋ ತಿಳಿಯಲು ನಾನು ಬಳಸುವ ಪರೀಕ್ಷೆ ಬೇರೆ. ಸರ್ವೆ ನಂಬರ್ ಮಾತ್ರ ಗೊತ್ತಿರುವ ಒಬ್ಬ ರೈತ ಕಚೇರಿಗೆ ಬಂದರೆ, ಅವನ ಜಮೀನು ಮಹಾಯೋಜನೆಯಲ್ಲಿ, ಅಂದರೆ ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ಗೊತ್ತುಮಾಡುವ ಮಾಸ್ಟರ್ ಪ್ಲಾನಿನಲ್ಲಿ, ಯಾವ ವಲಯದಲ್ಲಿದೆ, ಅದರ ಮೇಲೆ ಉದ್ದೇಶಿತ ರಸ್ತೆ ಹಾದಿದೆಯೇ, ಪಕ್ಕದ ಹಳ್ಳಕ್ಕೋ ಕೆರೆಗೋ ಎಷ್ಟು ಜಾಗ ಬಿಡಬೇಕು, ಇಷ್ಟನ್ನು ಹತ್ತು ನಿಮಿಷದೊಳಗೆ ಬರಹದಲ್ಲಿ ಕೊಡಲು ಆಗುತ್ತದೆಯೇ? "ಅಮ್ಮಾರೆ, ನಮ್ ಹೊಲ ಎಲ್ಲೋ ಜೋನಾಗೈತಾ, ಗ್ರೀನ್ ಬೆಲ್ಟಾಗೈತಾ, ಅಷ್ಟು ಹೇಳ್ರಿ ಸಾಕು" ಎಂದು ಕೇಳಿಕೊಂಡು ಬರುವವರೇ ಹೆಚ್ಚು. ಎಲ್ಲೋ ಜೋನ್ ಎಂದರೆ ಹಳದಿ ಬಣ್ಣದ ವಸತಿ ವಲಯ, ಗ್ರೀನ್ ಬೆಲ್ಟ್ ಎಂದರೆ ಕೃಷಿಗೆಂದು ಉಳಿಸಿದ ವಲಯ. ಆ ಒಂದು ಮಾತಿಗೆ ಕಚೇರಿ ಉತ್ತರ ಕೊಡದಿದ್ದರೆ ಹೊರಗಿನ ಜೆರಾಕ್ಸ್ ಅಂಗಡಿ ಮುಂದೆ ನಿಂತವನು ಕೊಡುತ್ತಾನೆ. ಅವನು ಕೊಡುವ ಉತ್ತರಕ್ಕೆ ಬೆಲೆ ಇರುತ್ತದೆ, ಹೊಣೆ ಇರುವುದಿಲ್ಲ.

ಹಾಗಾಗಿ ಕೆಲಸ ನಕ್ಷೆಯಿಂದ ಶುರುವಾಗಲಿ.

ನಕ್ಷೆಯ ಮೇಲೆ ನಕ್ಷೆ

ನಿಮ್ಮ ಬಳಿ ಇರುವುದು ಎರಡು ಬೇರೆ ಬೇರೆ ನಕ್ಷೆ. ಒಂದು, ಮಂಜೂರಾದ ಮಹಾಯೋಜನೆಯ ಭೂ ಉಪಯೋಗ ನಕ್ಷೆ: ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಉಪಯೋಗಕ್ಕೆ ಕೆಂಪು, ಉದ್ಯಾನಕ್ಕೆ ಹಸಿರು. ಇನ್ನೊಂದು, ಭೂಮಾಪನ ಇಲಾಖೆಯ ಗ್ರಾಮ ನಕ್ಷೆ. ಹಳೇ ಮಹಾಯೋಜನೆಗಳಲ್ಲಿ ಗ್ರಾಮ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು, ಟ್ರೇಸಿಂಗ್ ಹಾಳೆಯಲ್ಲಿ ಜೋಡಿಸಿ, ಅದರ ಮೇಲೆ ಬಣ್ಣ ಹಾಕಿರುತ್ತಾರೆ. ಎರಡು ಊರಿನ ಗಡಿ ಸೇರುವ ಕಡೆ ಜೋಡಣೆ ಕೂತಿರುವುದಿಲ್ಲ.

ಇದರಿಂದ ಎಷ್ಟು ಅನಾಹುತವಾಗುತ್ತದೆ ಎನ್ನುವುದನ್ನು ಲೆಕ್ಕ ಹಾಕಿಯೇ ನೋಡಿ. ಗ್ರಾಮ ನಕ್ಷೆ 1:7920 ಅಳತೆಯದು. ಪೆನ್ಸಿಲ್ ಗೆರೆ ಅರ್ಧ ಮಿಲಿಮೀಟರ್ ದಪ್ಪ ಇದ್ದರೆ ನೆಲದ ಮೇಲೆ ಅದು ಸುಮಾರು 4 ಮೀಟರ್. 30x40 ಸೈಟಿನ ಮುಂಭಾಗ ಆ ಹಾಳೆಯಲ್ಲಿ ಒಂದು ಮಿಲಿಮೀಟರಿಗಿಂತ ಕೊಂಚ ಹೆಚ್ಚು, ಅಷ್ಟೆ. ಕೇಂದ್ರ ಸರ್ಕಾರದ ಅಮೃತ್ ಯೋಜನೆಯಡಿ ಜಿಐಎಸ್ (ಕಂಪ್ಯೂಟರ್ ನಕ್ಷೆ) ಆಧಾರದಲ್ಲಿ ಮಾಡುವ ಮಹಾಯೋಜನೆಗೆ 1:4000 ಅಳತೆ ನಿಗದಿಯಾಗಿದೆ. ಅಲ್ಲೂ ಅದೇ ಗೆರೆ 2 ಮೀಟರ್. ಅಂದಮೇಲೆ "ನಕ್ಷೆಯಲ್ಲಿ ರಸ್ತೆ ಇವರ ಮನೆ ಗೋಡೆಗೆ ತಾಗುತ್ತದೆ" ಎಂದು ಹಾಳೆಯ ಮೇಲೆ ಸ್ಕೇಲ್ ಇಟ್ಟು ತೀರ್ಮಾನ ಕೊಡುವುದು ದೊಡ್ಡ ಅನ್ಯಾಯ. ಗೆರೆಯ ದಪ್ಪದೊಳಗೆ ಬೀಳುವ ವಿಷಯ ಏನೇ ಇರಲಿ, ಭೂಮಾಪಕರನ್ನು ಕರೆದು ಹದ್ದುಬಸ್ತು (ಗಡಿ ಅಳತೆ) ಮಾಡಿಸದೆ ಅಭಿಪ್ರಾಯ ಕೊಡಬೇಡಿ. ಇದನ್ನು ಕಚೇರಿಯ ಲಿಖಿತ ನಿಯಮವಾಗಿಯೇ ಇಡಿ.

ಜೋಡಣೆಗೆ ದುಡ್ಡು ಬೇಕಿಲ್ಲ. ಕಂದಾಯ ಇಲಾಖೆಯ ಗ್ರಾಮ ನಕ್ಷೆಗಳು ಅಂತರ್ಜಾಲದಲ್ಲಿ ಸಿಗುತ್ತವೆ. ನಕ್ಷೆ ಜೋಡಿಸುವ ಕ್ಯೂಜಿಐಎಸ್ ತಂತ್ರಾಂಶ ಉಚಿತ. ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜಿನಿಂದ ಇಬ್ಬರು ಇಂಟರ್ನಿಗಳನ್ನು ಪತ್ರ ಬರೆದು ಕರೆಸಿಕೊಳ್ಳಿ. ಒಂದೊಂದು ಗ್ರಾಮಕ್ಕೂ ಬದಲಾಗದ ಗುರುತು ಹುಡುಕಬೇಕು: ಮೂರು ಊರಿನ ಗಡಿ ಸೇರುವ ಮುಗ್ಗಲ್ಲು, ಕೆರೆ ಏರಿಯ ತುದಿ, ಹಳೇ ಸೇತುವೆ, ದೇವಸ್ಥಾನದ ಮೂಲೆ. ಅಲ್ಲಿಗೆ ಹೋಗಿ ಜಿಪಿಎಸ್ ಬಿಂದು ತಂದು, ಗ್ರಾಮ ನಕ್ಷೆಯನ್ನು ಅದಕ್ಕೆ ಕೂರಿಸಿ. ನಂತರ ದಿಶಾಂಕ್ ಆಪ್ ತೋರಿಸುವ ಸರ್ವೆ ನಂಬರಿಗೂ ನಿಮ್ಮದಕ್ಕೂ ತಾಳೆ ನೋಡಿ. ವ್ಯತ್ಯಾಸ ಬಂದ ಸರ್ವೆ ನಂಬರುಗಳದ್ದೇ ಪ್ರತ್ಯೇಕ ಪಟ್ಟಿ ಮಾಡಿ. ಆ ಪಟ್ಟಿಯವು ಬಂದಾಗ ಹತ್ತು ನಿಮಿಷದ ಉತ್ತರ ಕೊಡಬಾರದು, ಸ್ಥಳಕ್ಕೆ ಹೋಗಬೇಕು.

ಇದೆಲ್ಲದರ ಕೊನೆಯ ಫಲ ಬಣ್ಣದ ನಕ್ಷೆಯಲ್ಲ, ಒಂದು ಪುಸ್ತಕ. ಗ್ರಾಮವಾರು, ಸರ್ವೆ ನಂಬರ್‌ವಾರು, ವಲಯ ಯಾವುದು, ರಸ್ತೆ ಹಾದಿದೆಯೇ, ಹಳ್ಳ–ಕೆರೆಯ ಬಫರ್ (ಬಿಡಬೇಕಾದ ಜಾಗ) ಇದೆಯೇ ಎಂದು ಕನ್ನಡದಲ್ಲಿ ಬರೆದ ಪುಸ್ತಕ. ಎರಡು ವಲಯಕ್ಕೆ ಸೇರಿದ ಸರ್ವೆ ನಂಬರುಗಳನ್ನು ಹಾಗೆಂದೇ ನಮೂದಿಸಿ. ಒಂದು ಪ್ರತಿ ಕೌಂಟರಿನಲ್ಲಿ, ಒಂದೊಂದು ಪ್ರತಿ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ, ಒಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಬಿ) ಪ್ರಕಾರ ಯಾರೂ ಕೇಳದೆಯೇ ಪ್ರಕಟಿಸಬೇಕಾದ ಬಗೆಯ ಮಾಹಿತಿ ಇದು. ನಾನಿದ್ದ ಒಂದು ಊರಿನಲ್ಲಿ ಈ ಪುಸ್ತಕವನ್ನು ಬೆಂಚಿನ ಮೇಲೆ ಸರಪಳಿ ಹಾಕಿ ಇಟ್ಟ ಮೇಲೆ, ಕಚೇರಿಗೆ ಬರುವವರ ಮಾತಿನ ವರಸೆಯೇ ಬದಲಾಯಿತು. ಜನ ಕೈಮುಗಿದು ಕೇಳುವುದು ಬಿಟ್ಟು, ಪುಟ ತೋರಿಸಿ ಕೇಳತೊಡಗಿದರು.

ಹಿಂಬರಹ ಒಂದೇ ಸಲ

ಈಗ ಅರ್ಜಿಯ ವಿಷಯ. ಏಕ ನಿವೇಶನ ವಿನ್ಯಾಸವಿರಲಿ, ಬಡಾವಣೆ ವಿನ್ಯಾಸವಿರಲಿ, ಭೂ ಪರಿವರ್ತನೆಗೆ ಅಭಿಪ್ರಾಯವಿರಲಿ, ಕಡತ ಕೊಳೆಯುವುದು ಒಂದೇ ಕಾರಣಕ್ಕೆ: ಬಿಡಿಬಿಡಿಯಾಗಿ ಹಿಂಬರಹ, ಅಂದರೆ ಕೊರತೆ ತಿಳಿಸುವ ಪತ್ರ, ಕೊಡುವುದು. ಮೊದಲು "ಮುಟೇಷನ್ ಪ್ರತಿ ಲಗತ್ತಿಸಿಲ್ಲ". ಅದು ಬಂದ ಮೇಲೆ "11ಇ ನಕ್ಷೆ ಇಲ್ಲ" (ಜಮೀನಿನ ಭಾಗವನ್ನು ಅಳೆದು ಭೂಮಾಪಕರು ಕೊಡುವ ನಕ್ಷೆ). ಅದೂ ಬಂದ ಮೇಲೆ "ಸಂಪರ್ಕ ರಸ್ತೆಯ ಅಗಲ ದೃಢೀಕರಿಸಿಲ್ಲ". ಪ್ರತಿ ಹಿಂಬರಹದ ನಡುವೆ ತಿಂಗಳು ಕಳೆಯುತ್ತದೆ. ಪ್ರತಿ ತಿಂಗಳ ನಡುವೆ ಯಾರೋ ಒಬ್ಬ "ನಾನು ಮಾಡಿಸಿಕೊಡ್ತೀನಿ" ಎಂದು ಬರುತ್ತಾನೆ. ಭ್ರಷ್ಟಾಚಾರದ ಬೇರು ಕಾನೂನಿನ ತೊಡಕಿಗಿಂತ ಹೆಚ್ಚಾಗಿ ಈ ತಿಂಗಳುಗಳ ಸಂದಿನಲ್ಲಿದೆ ಎಂದು ನಾನು ಬಲವಾಗಿ ನಂಬುತ್ತೇನೆ.

ನಿಯಮ ಇಷ್ಟೇ: ಒಂದು ಕಡತಕ್ಕೆ ಒಂದೇ ಹಿಂಬರಹ. ಎಲ್ಲ ಕೊರತೆಯೂ ಅದರಲ್ಲೇ ಬರಬೇಕು. ಎರಡನೇ ಹಿಂಬರಹ ಬೇಕಾದರೆ ಸದಸ್ಯ ಕಾರ್ಯದರ್ಶಿಯೇ, ಅಂದರೆ ನೀವೇ, ಯಾಕೆ ಮೊದಲೇ ಹೇಳಲಿಲ್ಲ ಎನ್ನುವ ಕಾರಣವನ್ನು ಟಿಪ್ಪಣಿ ಹಾಳೆಯಲ್ಲಿ ಸ್ವಂತ ಕೈಬರಹದಲ್ಲಿ ಬರೆದು ಸಹಿ ಹಾಕಬೇಕು. ಆ ಕಾರಣ ಬರೆಯಲು ಕೂತಾಗ ಬಹಳಷ್ಟು ಆಕ್ಷೇಪಣೆಗಳು ತಾವಾಗಿಯೇ ಕರಗುತ್ತವೆ.

ಇದಕ್ಕಿಂತ ಒಳ್ಳೆಯದು ಅರ್ಜಿ ತೆಗೆದುಕೊಳ್ಳುವಾಗಲೇ ನೋಡುವುದು. ಟಪಾಲಿನವರು ಆವಕ ಸಂಖ್ಯೆ ಒತ್ತುವ ಮೊದಲು ವಿಷಯ ನಿರ್ವಾಹಕರು ಅರ್ಜಿದಾರರ ಎದುರಿನಲ್ಲೇ ಹಾಳೆ ತಿರುವಲಿ: ಈ ವರ್ಷದ ಪಹಣಿ, ಮುಟೇಷನ್, ಆಕಾರಬಂದ್ (ವಿಸ್ತೀರ್ಣ–ಕಂದಾಯದ ದಾಖಲೆ), ಭೂಮಾಪನದ ಟಿಪ್ಪಣಿ, 11ಇ ನಕ್ಷೆ, ಋಣಭಾರ ಪತ್ರ, ಜಂಟಿ ಖಾತೆಯಿದ್ದರೆ ಎಲ್ಲರ ಸಹಿ. ಏನಿಲ್ಲವೋ ಅದನ್ನು ಆಗಲೇ ಚೀಟಿಯಲ್ಲಿ ಬರೆದುಕೊಡಿ. ಹಾಗೆಂದು ಅರ್ಜಿ ತೆಗೆದುಕೊಳ್ಳದೆ ವಾಪಸ್ ಕಳಿಸುವುದು ಸರಿಯಲ್ಲ. ಅವರು ಕೊಟ್ಟೇ ಕೊಡುತ್ತೇನೆ ಎಂದರೆ ತೆಗೆದುಕೊಂಡು ಸಂಖ್ಯೆ ಕೊಡಲೇಬೇಕು.

ಕಾಲಮಿತಿಯನ್ನು ಹಗುರವಾಗಿ ಕಾಣಬೇಡಿ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 15ನೇ ಪ್ರಕರಣದ ಪ್ರಕಾರ ಅರ್ಜಿ ಬಂದ ಮೂರು ತಿಂಗಳಲ್ಲಿ ಪ್ರಾಧಿಕಾರ ತನ್ನ ತೀರ್ಮಾನ ತಿಳಿಸದಿದ್ದರೆ ಅನುಮತಿ ಕೊಟ್ಟಂತೆಯೇ ಎಂದು ಭಾವಿಸಲಾಗುತ್ತದೆ. ಕೈಕಟ್ಟಿ ಕೂತ ಕಚೇರಿಯೂ ಒಂದು ತೀರ್ಮಾನ ಕೊಟ್ಟಂತಾಯಿತು, ಅದೂ ಸ್ಥಳವನ್ನೇ ನೋಡದೆ. ಸರ್ಕಾರಿ ಸೇವೆಗೆ ದಿನದ ಮಿತಿ ಹಾಕಿದ ಸಕಾಲ ಕಾಯ್ದೆಯ ದಿನಗಳು ಮುಗಿಯುವ ಹಿಂದಿನ ಸಂಜೆ ಗಡಿಬಿಡಿಯಲ್ಲಿ ಒಂದು ಹಿಂಬರಹ ಹಾಕಿ "ವಿಲೇವಾರಿ" ಎಂದು ತೋರಿಸುವ ಚಾಳಿಯನ್ನು ಹಲವು ಕಡೆ ನೋಡಿದ್ದೇನೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೊಡಬೇಕೆಂಬುದು ಸಕಾಲದ ನಿಯಮ. ಆ 500 ರೂಪಾಯಿ ಉಳಿಸಲು ಒಂದು ಕುಟುಂಬವನ್ನು ಮತ್ತೆ ಮೊದಲಿಂದ ಅರ್ಜಿ ಹಾಕಲು ಕಳಿಸುವುದನ್ನು ಕಾರ್ಯಕ್ಷಮತೆ ಎನ್ನಲು ನನಗಂತೂ ಬಾಯಿ ಬಾರದು.

ಸ್ಥಳ ತನಿಖೆ: ಖರಾಬು ನೋಡದೆ ಬರಬೇಡಿ

ಸ್ಥಳಕ್ಕೆ ಹೋಗುವ ಮುನ್ನ ಪಹಣಿಯ ವಿಸ್ತೀರ್ಣದ ಕಾಲಂ ಓದಿಕೊಂಡು ಹೋಗಿ. ಅಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಅ ಖರಾಬು, ಬ ಖರಾಬು ಎಂದು ಬೇರೆ ಬೇರೆ ಇರುತ್ತದೆ. ಅ ಖರಾಬು ಸಾಗುವಳಿಗೆ ಬಾರದ ಜಾಗ, ಹಿಡುವಳಿದಾರನದ್ದೇ. ಬ ಖರಾಬು ಹಳ್ಳ, ಬಂಡಿದಾರಿ, ಕೆರೆ ಅಂಗಳ, ಸ್ಮಶಾನ ಇಂಥ ಸಾರ್ವಜನಿಕ ಜಾಗ. ಒಂದು ಸರ್ವೆ ನಂಬರ್ 4 ಎಕರೆ 20 ಗುಂಟೆ, ಅದರಲ್ಲಿ ಬ ಖರಾಬು 12 ಗುಂಟೆ ಎಂದುಕೊಳ್ಳಿ. ಬಡಾವಣೆ ವಿನ್ಯಾಸದಲ್ಲಿ ಲೆಕ್ಕಕ್ಕೆ ಬರಬೇಕಾದ್ದು 4 ಎಕರೆ 8 ಗುಂಟೆ. ಗುಂಟೆಗೆ 1,089 ಚದರಡಿಯಂತೆ 12 ಗುಂಟೆ ಎಂದರೆ ಹತ್ತಿರ ಹತ್ತಿರ ಹನ್ನೊಂದು 30x40 ಸೈಟಿನಷ್ಟು ಜಾಗ. ಮೇಜಿನ ಮೇಲೆ ಕೂತು ಪ್ಲಾನ್ ನೋಡಿದರೆ ಇದು ಕಾಣುವುದೇ ಇಲ್ಲ. ಸ್ಥಳದಲ್ಲಿ ನಿಂತರೆ ಜಾಲಿಗಿಡ ಬೆಳೆದ ಒಣ ತಗ್ಗು ಕಾಣುತ್ತದೆ. "ಮೇಡಂ, ಇಲ್ಲಿ ನೀರೇ ಹರಿಯಲ್ಲ" ಎನ್ನುತ್ತಾರೆ. ಮಳೆ ಬಂದ ವರ್ಷ ಆ ತಗ್ಗಿನಲ್ಲಿ ಹರಿಯುವ ನೀರು ಯಾರದೋ ಮನೆಯ ಅಡುಗೆಮನೆಗೆ ನುಗ್ಗುತ್ತದೆ, ಆ ಮನೆಯವರ ಬಳಿ ಇರುವುದು ನೀವು ಸಹಿ ಹಾಕಿದ ನಕ್ಷೆ.

ತನಿಖಾ ವರದಿಯಲ್ಲಿ "ಸ್ಥಳ ಪರಿಶೀಲಿಸಲಾಗಿದೆ, ಸೂಕ್ತವಾಗಿದೆ" ಎಂಬ ಒಂದು ಸಾಲಿಗೆ ಅವಕಾಶ ಕೊಡಬೇಡಿ. ನಾಲ್ಕೂ ದಿಕ್ಕಿನ ಫೋಟೋ, ಸ್ಥಳಾಂಕ ಬರುವಂತೆ. ಸಂಪರ್ಕ ರಸ್ತೆಯನ್ನು ಟೇಪ್ ಹಿಡಿದು ಅತಿ ಕಿರಿದಾದ ಕಡೆ ಅಳೆದ ಅಗಲ. ಹೈಟೆನ್ಷನ್ ತಂತಿ ಇದ್ದರೆ ಯಾವ ಗಡಿಯಿಂದ ಎಷ್ಟು ದೂರ. ಪಕ್ಕದ ಜಮೀನಿನವರು ಓಡಾಡುವ ದಾರಿ ಇದೆಯೇ. ಕೊನೆಯದನ್ನು ಪಕ್ಕದವರನ್ನೇ ಕೇಳಿ. ಅರ್ಜಿದಾರರ ಇಂಜಿನಿಯರ್ ಅದನ್ನು ಹೇಳುವುದಿಲ್ಲ.

ಸಭೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರ್ಯಸೂಚಿ ಒಂದು ವಾರ ಮೊದಲೇ ಸದಸ್ಯರ ಕೈಸೇರಲಿ, ಪ್ರತಿ ವಿಷಯಕ್ಕೂ ಕಚೇರಿಯ ಸ್ಪಷ್ಟ ಶಿಫಾರಸು ಇರಲಿ. ನಡವಳಿಯಲ್ಲಿ "ಮುಂದೂಡಲಾಗಿದೆ" ಎಂಬ ಪದ ಒಂಟಿಯಾಗಿ ಬರಬಾರದು; ಯಾವ ದಾಖಲೆಗಾಗಿ, ಯಾವ ತಾರೀಖಿನವರೆಗೆ ಎಂಬುದು ಅದರ ಜೊತೆಗೇ ಇರಬೇಕು. ಅಧ್ಯಕ್ಷರು ರಾಜಕೀಯದಿಂದ ಬಂದವರಾದರೂ ಕಾರಣ ಬರೆದಿಟ್ಟ ಶಿಫಾರಸನ್ನು ಸುಮ್ಮನೆ ಪಕ್ಕಕ್ಕಿಡಲು ಹಿಂಜರಿಯುತ್ತಾರೆ, ಯಾಕೆಂದರೆ ಪಕ್ಕಕ್ಕಿಡುವ ಕಾರಣವನ್ನೂ ಅದೇ ಹಾಳೆಯಲ್ಲಿ ಬರೆಸಬೇಕಾಗುತ್ತದೆ.

ಪಾರ್ಕಿನ ಜಾಗ

ನನ್ನ ಮನಸ್ಸಿಗೆ ಹತ್ತಿರವಾದ ವಿಷಯ ಇದು. ಪಾರ್ಕ್ ಎಂದು ನಾವು ಕರೆಯುವುದರಲ್ಲಿ ಎರಡು ಬಗೆ ಇದೆ, ಎರಡಕ್ಕೂ ಬೇರೆ ಬೇರೆ ಕಾವಲು ಬೇಕು.

ಮೊದಲನೆಯದು, ಖಾಸಗಿ ಜಮೀನಿನ ಮೇಲೆ ಮಹಾಯೋಜನೆ ಬಳಿದ ಹಸಿರು. ಬಣ್ಣ ಬಳಿದ ಮಾತ್ರಕ್ಕೆ ಅದು ಊರಿನ ಸ್ವತ್ತಾಗುವುದಿಲ್ಲ. 1961ರ ಯೋಜನಾ ಕಾಯ್ದೆಯ 69ನೇ ಪ್ರಕರಣದಂತೆ ಐದು ವರ್ಷದೊಳಗೆ ಒಪ್ಪಂದದಿಂದ ಕೊಳ್ಳದಿದ್ದರೆ, ಭೂಸ್ವಾಧೀನದ ಕ್ರಮವನ್ನೂ ಶುರುಮಾಡದಿದ್ದರೆ ಆ ಗೊತ್ತುಪಡಿಸುವಿಕೆ ಬಿದ್ದುಹೋಗುತ್ತದೆ. ಆಮೇಲೆ ಮಾಲೀಕರು ನ್ಯಾಯಾಲಯಕ್ಕೆ ಹೋಗುತ್ತಾರೆ, ಗೆಲ್ಲುತ್ತಾರೆ, ಅವರನ್ನು ದೂರುವಂತೆಯೂ ಇಲ್ಲ. ಆದ್ದರಿಂದ ಮಹಾಯೋಜನೆ ಜಾರಿಗೆ ಬಂದ ವಾರವೇ ಹಸಿರು ತುಂಡುಗಳ ಪಟ್ಟಿ ಮಾಡಿ, ಪ್ರತಿಯೊಂದರ ಎದುರು ಐದು ವರ್ಷ ತುಂಬುವ ತಾರೀಖು ಬರೆದು ಗೋಡೆಗೆ ಹಾಕಿ. ಎಲ್ಲವನ್ನೂ ಕೊಳ್ಳಲು ಸಣ್ಣ ಪ್ರಾಧಿಕಾರದ ಬಳಿ ಹಣ ಇರುವುದಿಲ್ಲ. ಯಾವ ಎರಡು–ಮೂರು ತುಂಡು ಊರಿಗೆ ನಿಜಕ್ಕೂ ಬೇಕು ಎಂದು ಆರಿಸಿ ಅವಕ್ಕೆ ಬಜೆಟ್ಟಿನಲ್ಲಿ ಹಣ ಇಡಿ. 14-ಬಿ ಪ್ರಕರಣದ ಅಭಿವೃದ್ಧಿ ಹಕ್ಕಿನ (ಜಾಗಕ್ಕೆ ಹಣದ ಬದಲು ಕೊಡುವ ಹೆಚ್ಚುವರಿ ಕಟ್ಟಡ ಹಕ್ಕು) ಮೂಲಕ ಮಾಲೀಕರನ್ನು ಒಪ್ಪಿಸಲು ಆಗುತ್ತದೆಯೇ ನೋಡಿ. ಇಡೀ ನಕ್ಷೆಗೆ ಹಸಿರು ಬಳಿದು ಒಂದನ್ನೂ ಉಳಿಸಿಕೊಳ್ಳದ ಯೋಜನೆಗಿಂತ ಮೂರನ್ನು ಉಳಿಸಿಕೊಂಡ ಯೋಜನೆ ದೊಡ್ಡದು.

ಎರಡನೆಯದು, ಬಡಾವಣೆ ಮಾಡುವವರು ಬಿಟ್ಟುಕೊಡುವ ಪಾರ್ಕ್ ಮತ್ತು ಸಿಎ (ನಾಗರಿಕ ಸೌಲಭ್ಯ) ಸೈಟು. ಇಲ್ಲಿ ಕೊಳ್ಳುವ ಪ್ರಶ್ನೆ ಇಲ್ಲ, ಹಿಡಿದಿಟ್ಟುಕೊಳ್ಳುವ ಪ್ರಶ್ನೆ. ಸೈಟು ಮಾರಲು ಬಿಡುವ ಬಿಡುಗಡೆ ಆದೇಶಕ್ಕೆ ಸಹಿ ಹಾಕುವ ಮೊದಲು ರಸ್ತೆ, ಪಾರ್ಕ್, ಸಿಎ ಜಾಗದ ಪರಿತ್ಯಾಜನ ಪತ್ರ (ಹಕ್ಕು ಬಿಟ್ಟುಕೊಡುವ ಪತ್ರ) ನೋಂದಣಿಯಾಗಿ ನಿಮ್ಮ ಕೈಯಲ್ಲಿರಬೇಕು. ಪತ್ರ ಬೀರುವಿನಲ್ಲಿ ಇದ್ದರೆ ಸಾಲದು. ಪುರಸಭೆಯ ಅಥವಾ ಪಂಚಾಯಿತಿಯ ಆಸ್ತಿ ವಹಿಯಲ್ಲಿ ಚೆಕ್ಕುಬಂದಿ ಸಮೇತ ನಮೂದಾಗಬೇಕು, ಇ-ಆಸ್ತಿ ಅಥವಾ ಇ-ಸ್ವತ್ತಿನಲ್ಲಿ ಬರಬೇಕು, ನಾಲ್ಕು ಮೂಲೆಗೂ ಕಲ್ಲು ನೆಟ್ಟು ಬೋರ್ಡ್ ಹಾಕಿಸಬೇಕು. ವಹಿಯಲ್ಲಿ ಇಲ್ಲದ ಪಾರ್ಕಿಗೆ ಕೆಲವೇ ವರ್ಷದಲ್ಲಿ ಸೈಟ್ ನಂಬರ್ ಹುಟ್ಟಿಕೊಳ್ಳುತ್ತದೆ, ಅದಕ್ಕೆ ಕ್ರಯಪತ್ರವೂ ಆಗುತ್ತದೆ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣೆಗೆಂದೇ 1985ರ ರಾಜ್ಯ ಕಾಯ್ದೆ ಇದೆ. 1991ರಲ್ಲಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟದ್ದನ್ನು ತಳ್ಳಿಹಾಕಿತು. ಆ ಹೋರಾಟಕ್ಕೆ ನಿಂತವರು ಅದೇ ಬಡಾವಣೆಯ ನಿವಾಸಿಗಳು. ನಿಮ್ಮ ಊರಿನ ಬಡಾವಣೆಗಳ ನಿವಾಸಿಗಳಿಗೂ ಅನುಮೋದಿತ ನಕ್ಷೆಯ ಒಂದೊಂದು ಪ್ರತಿ ಕೊಡಿ. ಪಾರ್ಕಿಗೆ ಅವರಿಗಿಂತ ಒಳ್ಳೆಯ ಕಾವಲುಗಾರರಿಲ್ಲ.

ಹೀಗೆಯೇ ಅನುಮತಿ ಕೊಡುವಾಗ ಕೆರೆ ಹೆಸರಲ್ಲಿ ವಸೂಲಾದ ಶುಲ್ಕ ಪ್ರತ್ಯೇಕ ಖಾತೆಯಲ್ಲಿರಲಿ, ಯಾವ ಕೆರೆಗೆ ಎಷ್ಟು ಖರ್ಚಾಯಿತು ಎಂದು ವರ್ಷಕ್ಕೊಮ್ಮೆ ಬೋರ್ಡಿಗೆ ಹಾಕಿ.

ಪರಿಷ್ಕರಣೆಯ ವರ್ಷ ಬಂದಾಗ

ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆಂದು ಕಾಯ್ದೆ ಹೇಳುತ್ತದೆ. ರಾಜಧಾನಿಯ ಉದಾಹರಣೆ ಎಲ್ಲರಿಗೂ ಗೊತ್ತು: 2007ರಲ್ಲಿ ಮಂಜೂರಾದ, 2015ರವರೆಗಿನ ಯೋಜನೆಯ ನಂತರ 2031ರವರೆಗಿನ ಕರಡು 2017ರ ನವೆಂಬರಿನಲ್ಲಿ ಹೊರಬಂತು, 2020ರಲ್ಲಿ ಅದನ್ನು ಹಿಂತೆಗೆದುಕೊಂಡರು. ಸಣ್ಣ ಊರು ಅಷ್ಟು ಕಾಯಬಾರದು. ಎಂಟನೇ ವರ್ಷಕ್ಕೇ ಸಮೀಕ್ಷೆ ಶುರುಮಾಡಿ.

ಕರಡು ಪ್ರಕಟವಾದ ಮೇಲೆ ಸಾರ್ವಜನಿಕರ ಅಭಿಪ್ರಾಯಕ್ಕೆ 60 ದಿನ. ಆ ದಿನಗಳಲ್ಲಿ ಎರಡು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ನಕ್ಷೆಯನ್ನು ಕಚೇರಿಯ ಒಳಗೋಡೆಗೆ ಅಂಟಿಸಿ ಕೂರುವುದು ವಾಡಿಕೆ. ಬದಲಾಗಿ, ಪ್ರತಿ ಗ್ರಾಮದ ತುಂಡನ್ನು ಫ್ಲೆಕ್ಸಿನಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿ ಸಂತೆಯ ದಿನ ಸಂತೆಗೇ ತೆಗೆದುಕೊಂಡು ಹೋಗಿ. ದೇವಸ್ಥಾನ, ಶಾಲೆ, ಹುಣಸೆಮರದ ಸರ್ಕಲ್, ಜನ ಗುರುತು ಹಿಡಿಯುವ ಹೆಸರುಗಳೆಲ್ಲ ಅದರಲ್ಲಿರಲಿ. ಸುಗ್ಗಿಯ ಕಾಲದಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ, ಯಾರೂ ಬರುವುದಿಲ್ಲ. ಬಾಯಲ್ಲಿ ಹೇಳಿದ ಆಕ್ಷೇಪಣೆಯನ್ನು ಅಲ್ಲೇ ಬರೆದುಕೊಂಡು ಹೆಬ್ಬೆಟ್ಟಾದರೂ ಹಾಕಿಸಿಕೊಳ್ಳಿ, ಸಂಖ್ಯೆ ಕೊಡಿ. ಒಪ್ಪಿದ್ದಕ್ಕೂ ಒಪ್ಪದ್ದಕ್ಕೂ ಎರಡು ಸಾಲಿನ ಕಾರಣ ಅವರಿಗೆ ತಲುಪಬೇಕು. ಇಷ್ಟು ಮಾಡಿದ ಊರಿನಲ್ಲಿ ಆಮೇಲೆ 14-ಎ ಪ್ರಕರಣದಡಿ ಭೂ ಉಪಯೋಗ ಬದಲಾವಣೆಯ ಅರ್ಜಿಗಳು ಕಡಿಮೆಯಾಗುತ್ತವೆ. ಆ ಅರ್ಜಿಗಳಲ್ಲಿ ಅರ್ಧದಷ್ಟು ಕರಡಿನ ಹಂತದಲ್ಲೇ ಯಾರೂ ಕೇಳಿಸಿಕೊಳ್ಳದೆ ಹೋದ ದೂರುಗಳೇ ಎಂಬುದು ನನ್ನ ಅನಿಸಿಕೆ.

ಸಿಬ್ಬಂದಿ ಇಲ್ಲ ಎನ್ನುವ ಮಾತು ಸುಳ್ಳಲ್ಲ. ದೇಶದ ರಾಜ್ಯಗಳ ಯೋಜನಾ ಇಲಾಖೆಗಳಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ನಗರ ಯೋಜಕರು ಬೇಕು, ಮಂಜೂರಾದ ಹುದ್ದೆ ನಾಲ್ಕು ಸಾವಿರವೂ ಇಲ್ಲ, ಅದರಲ್ಲೂ ಶೇ. 42ರಷ್ಟು ಖಾಲಿ ಎಂದು ನೀತಿ ಆಯೋಗವೇ 2021ರಲ್ಲಿ ಹೇಳಿತು. ಹುದ್ದೆ ತುಂಬುವುದು ನಿಮ್ಮ ಕೈಯಲ್ಲಿಲ್ಲ. ಭೂದಾಖಲೆಗಳ ಸಹಾಯಕ ನಿರ್ದೇಶಕರನ್ನು ಹೋಗಿ ಕಂಡು, ವಾರದ ಒಂದು ದಿನ ಭೂಮಾಪಕರೊಬ್ಬರನ್ನು ನಿಮ್ಮ ಸ್ಥಳ ತನಿಖೆಗೆ ಕಳಿಸುವಂತೆ ಕೇಳಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ತಿಂಗಳ ವರದಿಗೆ ನಾಲ್ಕು ಕಾಲಂ ಸೇರಿಸಿ: ಅತಿ ಹಳೇ ಕಡತಕ್ಕೆ ಎಷ್ಟು ದಿನವಾಯಿತು, ಎರಡನೇ ಹಿಂಬರಹ ಹೋದ ಕಡತ ಎಷ್ಟು, ಕಾರಣವಿಲ್ಲದೆ ಮುಂದೂಡಿದ ವಿಷಯ ಎಷ್ಟು, ಆಸ್ತಿ ವಹಿಗೆ ಏರಿದ ಪಾರ್ಕ್ ಎಷ್ಟು. ಇದನ್ನು ಯಾರೂ ಕೇಳದಿದ್ದರೂ ಕಳಿಸಿ, ಪ್ರತಿಯನ್ನು ಕಚೇರಿಯ ಬಾಗಿಲಿಗೆ ಅಂಟಿಸಿ.

ವರ್ಗಾವಣೆ ಯಾವಾಗ ಬೇಕಾದರೂ ಬರಬಹುದು, ಆದ್ದರಿಂದ ಮುಂದಿನವರಿಗೆ ಹೊಣೆ ಒಪ್ಪಿಸುವ ಪ್ರಭಾರ ಪಟ್ಟಿಯನ್ನು ಮೊದಲ ತಿಂಗಳಿಂದಲೇ ಬರೆಯುತ್ತಾ ಹೋಗಿ. ಬೀರು, ಕುರ್ಚಿ, ಕಂಪ್ಯೂಟರ್ ಲೆಕ್ಕದ ಜೊತೆಗೆ ಇವೂ ಇರಲಿ: ಜೋಡಣೆ ಕೂರದ ಸರ್ವೆ ನಂಬರುಗಳ ಪಟ್ಟಿ, ನಕ್ಷೆಯ ಮೂಲ ಕಡತಗಳು ಮತ್ತು ಪಾಸ್‌ವರ್ಡ್, ಐದು ವರ್ಷ ತುಂಬಲಿರುವ ಹಸಿರು ತುಂಡುಗಳ ತಾರೀಖು, ನೋಂದಣಿಯಾಗಬೇಕಾದ ಪರಿತ್ಯಾಜನ ಪತ್ರಗಳು, ನ್ಯಾಯಾಲಯದಲ್ಲಿರುವ ಪ್ರಕರಣಗಳ ಮುಂದಿನ ದಿನಾಂಕ. ಮುಂದೆ ಬರುವವರನ್ನು ಒಂದು ಬೆಳಗ್ಗೆ ಜೀಪಿನಲ್ಲಿ ಕೂರಿಸಿಕೊಂಡು, ಆ ಹಸಿರು ತುಂಡುಗಳಿಗೂ ಬ ಖರಾಬಿನ ಹಳ್ಳಗಳಿಗೂ ಕರೆದೊಯ್ದು ತೋರಿಸಿದ ಮೇಲೆಯೇ ಪಟ್ಟಿಗೆ ಸಹಿ ತೆಗೆದುಕೊಳ್ಳಿ.